ಮೇಷ್ಟ್ರು ಹೇಳಿಕೊಡದ ಪಾಠ

"ಗಡ್ಡದ ಮೇಷ್ಟ್ರು ಇದಾರಾ?"

"ನಾನೇ. ಹೇಳಿ."

ಸಿಡುಕಪ್ಪ ಕೌಂಟರಿನ ಆಚೆ ನಿಂತಿದ್ದ ಮನುಷ್ಯನನ್ನು ಇನ್ನೊಮ್ಮೆ ನೋಡಿದ. ಗಡ್ಡದ ಮಾತು ಹಾಗಿರಲಿ, ಮುಖದ ಮೇಲೆ ಒಂದು ಕೂದಲೂ ಇರಲಿಲ್ಲ. ಹಣೆ, ಮೂಗು ಬಿಸಿಲು ಕಂಡು ಕಪ್ಪಾಗಿದ್ದವು. ಗಲ್ಲ ಮಾತ್ರ ಆಗತಾನೇ ಪಟ್ಟಿ ಬಿಚ್ಚಿದ ಕೈಯ ಹಾಗೆ ಬಿಳಿಚಿಕೊಂಡಿತ್ತು. ಹಿಂದಿನ ಗೋಡೆಯ ಫೋಟೋದಲ್ಲಿ ಇದೇ ಮನುಷ್ಯ ಎದೆಗಿಳಿದ ಗಡ್ಡದ ನಡುವೆ ಹಲ್ಲು ಬಿಟ್ಟು ನಗುತ್ತಿದ್ದ.

"ರೈಲು ಡ್ರೈವರ್ ಸಾವಿನ ವಿಷಯ ವಿಚಾರಿಸೋಕೆ ಬಂದೆ. ಗಡ್ಡ ಎಲ್ಲಿ ಹೋಯ್ತು?"

"ಡ್ರೈವರ್ ಸಾಹೇಬರು ತೀರಿಕೊಂಡ ಸುದ್ದಿ ಕೇಳಿದ ಮೇಲೆ ತೆಗೆದುಬಿಟ್ಟೆ." ಮೇಷ್ಟ್ರು ಗಲ್ಲ ಸವರಿಕೊಂಡರು. "ಒಬ್ಬ ಶಿಷ್ಯ ಹಾಗೆ ಹೋದ ಮೇಲೆ ಕನ್ನಡಿ ಮುಂದೆ ನಿಂತು ಗಡ್ಡ ಬಾಚಿಕೊಳ್ಳೋಕೆ ನಾಚಿಕೆ ಆಯ್ತು ಸಾರ್."

ಮಾತು ಚೆನ್ನಾಗಿತ್ತು. ಸಿಡುಕಪ್ಪನಿಗೆ ಚೆನ್ನಾಗಿರುವ ಮಾತು ಕೇಳಿದರೆ ಅನುಮಾನ ಹುಟ್ಟುತ್ತದೆ. ಆದರೆ ದುಃಖಕ್ಕೆ ಮುಖ ಬೋಳಿಸಿಕೊಳ್ಳುವುದು ಅಪರಾಧವಲ್ಲ.

ಸಿಡುಕಪ್ಪ ಎಂದು ಅವನಿಗೆ ಹೆಸರಿಟ್ಟಿದ್ದು ಪೊಲೀಸ್ ಠಾಣೆ. ನೌಕರಿ ಬಿಟ್ಟು ಸ್ವಂತ ಪತ್ತೇದಾರಿಗೆ ಇಳಿದ ಮೇಲೂ ಹೆಸರು ಅವನನ್ನು ಬಿಟ್ಟಿರಲಿಲ್ಲ. ಅವನೂ ಸಿಡುಕು ಬಿಟ್ಟಿರಲಿಲ್ಲ.

ನಿವೃತ್ತ ರೈಲು ಡ್ರೈವರೊಬ್ಬರು ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಬೊಂಬೆ ಇಂಜಿನ್ ಜೋಡಿಸುವ ಮೇಜಿನ ಮೇಲೆ ಕುಸಿದು ಬಿದ್ದಿದ್ದರು. ಕಿಟಕಿ ಬಾಗಿಲು ಮುಚ್ಚಿತ್ತು, ಥಿನ್ನರ್ ಡಬ್ಬ ಉರುಳಿತ್ತು, ಮುಖದ ಮೇಲೆ ಮಾಸ್ಕ್ ಇತ್ತು. ಆಸ್ಪತ್ರೆಗೆ ಸಾಗಿಸಿದರೂ ಸಂಜೆಯೊಳಗೆ ಪ್ರಾಣ ಹೋಯಿತು. ಮಾಸ್ಕಿನಲ್ಲಿದ್ದದ್ದು ಧೂಳು ತಡೆಯುವ ಫಿಲ್ಟರ್. ಥಿನ್ನರಿನ ಆವಿಯನ್ನು ಅದು ತಡೆಯುವುದಿಲ್ಲ. ತಲೆಯ ಹಿಂದಿನ ಪೆಟ್ಟು ಬಿದ್ದಾಗ ಆದದ್ದು, ಸಾವು ಹೊಸಬನ ಎಡವಟ್ಟು ಎಂದು ಪೊಲೀಸರು ಫೈಲು ಮುಚ್ಚಿದರು.

ಡ್ರೈವರರ ಮಗಳು ಮುಚ್ಚಲಿಲ್ಲ. ಸಿಡುಕಪ್ಪನ ಎದುರು ಕೂತು ಅವಳು ಕೇಳಿದ್ದು ಒಂದೇ ಪ್ರಶ್ನೆ. "ಆ ಮಾಸ್ಕ್ ತಂದುಕೊಟ್ಟಿದ್ದು ನನ್ನ ಗಂಡ. ಆವಿಗೆ ಬೇರೆ ಫಿಲ್ಟರೂ ತಂದಿದ್ದೆ ಅಂತಾರೆ, ಅದು ಕೋಣೇಲಿ ಸಿಗಲೇ ಇಲ್ಲ. ಅವರ ಜೊತೆ ನಾನು ಇನ್ನು ಒಂದೇ ಮನೇಲಿ ಇರಬಹುದೋ, ಬೇಡವೋ? ಅಷ್ಟು ಹೇಳಿ ಸಾಕು ಸಾರ್."

ಆ ಉತ್ತರ ಹುಡುಕಿಕೊಂಡೇ ಅವನು ಈ ಅಂಗಡಿಗೆ ಬಂದಿದ್ದ.

"ನನಗೂ ಈ ಕೆಲಸ ಕಲಿಸಿ," ಎಂದ ಸಿಡುಕಪ್ಪ.

"ನಿಮಗಾ?"

"ಯಾಕೆ, ನನ್ನ ಕೈಯಲ್ಲಿ ಬೆರಳಿಲ್ವಾ? ಆ ಮನುಷ್ಯ ಏನು ಮಾಡ್ತಿದ್ದ ಅಂತ ಗೊತ್ತಾಗದೆ ನಾನು ಏನು ಹುಡುಕಲಿ, ನನ್ನ ತಲೆ?"

ಮೇಷ್ಟ್ರು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಆದರೆ ಕಲಿಸುವ ಚಟ ಇರುವವರಿಗೆ ಕಲಿಸಿ ಎಂದರೆ ಬೇಡ ಎನ್ನಲು ನಾಲಿಗೆ ಹೊರಳುವುದಿಲ್ಲ. "ಬನ್ನಿ," ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು.

ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಯಲ್ಲಿ ಗಾಳಿ ಎಳೆಯುವ ಫ್ಯಾನಿನ ದುಂಡನೆ ತೂತು ಇತ್ತು, ಫ್ಯಾನ್ ಇರಲಿಲ್ಲ. ತೂತಿಗೆ ರಟ್ಟು ಬಡಿದಿದ್ದರು.

"ರಿಪೇರಿಗೆ ಹೋಗಿದೆ," ಎಂದರು ಮೇಷ್ಟ್ರು. "ಬಾಗಿಲು ತೆರೆದಿಟ್ಟುಕೊಳ್ಳೋಣ. ಈ ಬೊಂಬೆಗಳನ್ನ ಎರಕ ಹೊಯ್ಯೋದು ರೆಸಿನ್ನಲ್ಲಿ, ಗಾಳಿ ಆಡದ ಕೋಣೇಲಿ ಅದನ್ನ ಮುಟ್ಟಬಾರದು. ಇದು ಮೊದಲನೇ ಪಾಠ."

ಎದುರಿನ ಕಪಾಟಿನಲ್ಲಿ ಒಂದು ಉಗಿ ಇಂಜಿನ್ ನಿಂತಿತ್ತು. ಒಂದು ಮೊಳ ಉದ್ದ. ಚಿಮಣಿ, ಗಾಲಿ, ಬಾಯ್ಲರಿನ ಮೇಲಿನ ಒಂದೊಂದು ಮೊಳೆ ತಲೆಯೂ ಸ್ಪಷ್ಟ. ಕೆಳಗೆ ಹಿತ್ತಾಳೆ ಫಲಕ: ಮೂಲ ರಚನೆ, ಮೇಷ್ಟ್ರದ್ದೇ. ಅದೇ ಇಂಜಿನ್ನಿನ ಬಿಡಿ ಭಾಗಗಳು ಡಬ್ಬಿಗಳಲ್ಲಿ ಸಾಲಾಗಿ ಮಾರಾಟಕ್ಕೆ ಕೂತಿದ್ದವು.

ಮೇಷ್ಟ್ರು ಗ್ಲೌಸ್ ಹಾಕಿಕೊಂಡರು, ಅವನಿಗೂ ಕೊಟ್ಟರು. ಅವನ ಅಂಗೈ ಮೇಲೆ ಬೆಳ್ಳಗಿನ ಒಂದು ತುಂಡು ಇಟ್ಟರು. ಇಂಜಿನ್ ಓಡಿಸುವವನು ಕೂರುವ ಪುಟ್ಟ ಸೀಟು.

"ಮೊದಲು ಸೋಪು ನೀರಲ್ಲಿ ತೊಳೀರಿ. ಹಳೇ ಹಲ್ಲುಜ್ಜೋ ಬ್ರಷ್ ತಗೊಳ್ಳಿ. ಅಚ್ಚಿಂದ ಸಲೀಸಾಗಿ ಬಿಡಲಿ ಅಂತ ಜಿಡ್ಡು ಹಚ್ಚಿರ್ತೀವಿ. ಅದು ಹೋಗದಿದ್ರೆ ಅಂಟು ಕಚ್ಚಲ್ಲ, ಬಣ್ಣ ಸಿಪ್ಪೆ ಏಳುತ್ತೆ."

ಸಿಡುಕಪ್ಪ ತೊಳೆದ. ಒಂದು ಬದಿಗೆ ಅಂಟಿಕೊಂಡಿದ್ದ ಬೇಡದ ಚೂರನ್ನು ಕತ್ತರಿಸಲು ಬ್ಲೇಡು ಹಿಡಿದ. ಬ್ಲೇಡು ತನ್ನ ಕಡೆಗೆ ಎಳೆದ.

"ಅಯ್ಯೋ ಮಾರಾಯ್ರೇ! ನಿಮ್ಮ ಹೆಬ್ಬೆಟ್ಟು ನಿಮಗೆ ಬೇಡ್ವಾ? ಹೊರಗಡೆ ತಳ್ಳಿ, ಒಳಗಡೆ ಎಳೀಬೇಡಿ. ತುಂಡನ್ನ ಮೇಜಿಗೆ ಒತ್ತಿ ಹಿಡೀರಿ."

ತಳ್ಳಿದ. ಚೂರು ಹಾರಿತು. ಸ್ಯಾಂಡ್‌ಪೇಪರ್ ತೆಗೆದುಕೊಂಡು ಒಣಗಿದ ತುಂಡನ್ನು ಉಜ್ಜಿದ. ಬೂದಿಗಿಂತ ನಯವಾದ ಬಿಳಿ ಪುಡಿ ಬೆರಳಿಗೆ ಕೂತಿತು. ಅಭ್ಯಾಸಬಲದಿಂದ ಬಾಯಿ ಹತ್ತಿರ ತಂದು ಉಫ್ ಎಂದ.

"ಊದಬೇಡಿ!"

ಮೇಷ್ಟ್ರು ಅವನ ಕೈ ಹಿಡಿದೇ ಬಿಟ್ಟರು. ಕೂಗಿದ ರಭಸಕ್ಕೆ ಸಿಡುಕಪ್ಪ ಬೆಚ್ಚಿದ. ಅವನ ಮೇಲೆ ಯಾರಾದರೂ ಕೂಗಿ ಬಹಳ ಕಾಲವಾಗಿತ್ತು.

"ಎಲ್ಲ ಹೊಸಬರೂ ಮಾಡೋ ತಪ್ಪು ಇದೇ," ಎಂದರು, ದನಿ ಇಳಿಸಿ. "ಮಾಸ್ಕ್ ಹಾಕ್ಕೊಂಡು ಶಿಸ್ತಾಗಿ ಉಜ್ಜುತಾರೆ. ಆಮೇಲೆ ಮಾಸ್ಕ್ ಕೆಳಗಿಳಿಸಿ, ಉಫ್ ಅಂತ ಊದಿ, ಅದೇ ಉಸಿರಲ್ಲಿ ಒಳಗೆಳೀತಾರೆ. ಈ ಪುಡಿಗೆ ಎದೆಯೊಳಗೆ ಹೋಗೋ ದಾರಿ ಗೊತ್ತು, ವಾಪಸ್ ಬರೋ ದಾರಿ ಗೊತ್ತಿಲ್ಲ. ನೀರಲ್ಲಿ ಅದ್ದಿ ಉಜ್ಜಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೇನ ಒಣಗಿಸಿ ಝಾಡಿಸಬೇಡಿ ಮತ್ತೆ!"

ಸಿಡುಕಪ್ಪನಿಗೆ ಈ ಮನುಷ್ಯನ ಮೇಲೆ ಗೌರವ ಬಂತು. ಅದು ಅವನಿಗೆ ಇಷ್ಟವಾಗಲಿಲ್ಲ. ಅನುಮಾನಿಸಲು ಬಂದವನಿಗೆ ಗೌರವ ಕೆಲಸಕ್ಕೆ ಅಡ್ಡಿ.

"ಸೀಟಿನ ಅಡಿ ನೋಡಿ. ಒಂದು ಗುರುತಿದೆ. ಅದನ್ನ ಪೂರ್ತಿ ಉಜ್ಜಿ ಅಳಿಸಿ."

ತಿರುಗಿಸಿದ. ಸೀಟಿನ ಅಡಿಯಲ್ಲಿ ತಗ್ಗು. ತಗ್ಗಿನಲ್ಲಿ ಹೆಬ್ಬೆರಳಿನ ಗೆರೆಗಳು, ಸುತ್ತು ಸುತ್ತಾಗಿ. ಗೆರೆಗಳನ್ನು ಓರೆಯಾಗಿ ಸೀಳಿಕೊಂಡು ಒಂದು ಹಳೆಯ ಗಾಯದ ಕಲೆ.

"ರೆಸಿನ್ ಇಷ್ಟೂ ಹಿಡಿಯುತ್ತಾ?"

"ಎಲ್ಲಾನೂ ಹಿಡಿಯುತ್ತೆ. ಅಚ್ಚಿಗೆ ಏನು ಕೊಟ್ರೂ ಅಚ್ಚು ಮರೆಯಲ್ಲ."

"ಯಾರ ಬೆರಳು ಇದು?"

"ನಂದೇ. ಮೂಲದ ತುಂಡು ಮಾಡುವಾಗ ಹಸಿ ಇತ್ತು, ತಗುಲಿಬಿಡ್ತು."

"ಗ್ಲೌಸ್ ತೆಗೀರಿ, ನೋಡೋಣ."

ಮೇಷ್ಟ್ರು ನಕ್ಕರು. "ಪಾಠ ಕಲಿಯೋಕೆ ಬಂದ್ರಾ, ಬೆರಳು ನೋಡೋಕೆ ಬಂದ್ರಾ?"

"ಎರಡಕ್ಕೂ. ತೆಗೀರಿ."

"ನನ್ನ ಅಂಗಡೀಲಿ ನನಗೇ ಆರ್ಡರಾ?"

"ಹೌದು. ತೆಗೀರಿ ಅಂದೆ!"

ಕೋಣೆ ಚಿಕ್ಕದು, ದನಿ ದೊಡ್ಡದು. ಮೇಷ್ಟ್ರು ನಿಧಾನವಾಗಿ ಒಂದೊಂದೇ ಬೆರಳಿನಿಂದ ಗ್ಲೌಸ್ ಎಳೆದರು. ಎರಡೂ ಹೆಬ್ಬೆಟ್ಟು ಎತ್ತಿ ತೋರಿಸಿದರು. ಯಾವುದರಲ್ಲೂ ಗೀರಿನ ಗುರುತಿರಲಿಲ್ಲ.

"ಆಗ ಗಾಯ ಇತ್ತು, ಆಮೇಲೆ ಮಾಯ್ತು," ಎಂದರು. "ಸಣ್ಣ ಗಾಯ."

"ಹಸಿ ಗಾಯದ ಗುರುತು ಹೀಗಿರಲ್ಲ. ಇದು ಮಾಯ್ದ ಗಾಯದ ಕಲೆ. ಮಾಯ್ದ ಕಲೆ ಮತ್ತೆ ಹೇಗೆ ಮಾಯುತ್ತೆ?"

ಮೇಷ್ಟ್ರು ಮುಂದೆ ಬಾಗಿ ಸೀಟಿಗೆ ಕೈ ಚಾಚಿದರು. ಸಿಡುಕಪ್ಪನ ಮುಷ್ಟಿ ಮುಚ್ಚಿಕೊಂಡಿತು.

"ಕಲಿಯೋನ ಮೊದಲ ಕೆಲಸ, ನೆನಪಿಗೆ ನಾನೇ ಇಟ್ಕೋತೀನಿ. ಮಾಸ್ಕ್ ತೋರಿಸಿ."

ಮೇಷ್ಟ್ರೇ ಮೊದಲು ಕಣ್ಣು ತಗ್ಗಿಸಿ ಡ್ರಾಯರ್ ಎಳೆದರು. ರಬ್ಬರಿನ ಮಾಸ್ಕ್, ಮೂಗು ಬಾಯಿ ಮುಚ್ಚಿ ಗಲ್ಲದ ಕೆಳಗೆ ಕೂರುವಂಥದ್ದು. ಎರಡು ಬದಿಗೆ ಫಿಲ್ಟರ್ ಸಿಕ್ಕಿಸುವ ಬಾಯಿ.

"ಈ ಬಿಳಿ ಬಿಲ್ಲೆ ಧೂಳಿಗೆ. ಈ ಕರಿ ಡಬ್ಬಿ ಆವಿಗೆ, ಒಳಗೆ ಇದ್ದಿಲು ಇರುತ್ತೆ. ಉಜ್ಜುವಾಗ ಬಿಳಿ, ಬಣ್ಣ ಥಿನ್ನರ್ ಮುಟ್ಟುವಾಗ ಕರಿ. ಡ್ರೈವರ್ ಸಾಹೇಬರು ಬದಲಾಯಿಸೋದು ಮರೆತರು. ಪಾಪ."

ಸಿಡುಕಪ್ಪ ಕರಿ ಡಬ್ಬಿ ಸಿಕ್ಕಿಸಿದ ಮಾಸ್ಕ್ ಹಾಕಿಕೊಂಡ. ಮೇಷ್ಟ್ರು ಥಿನ್ನರಿನಲ್ಲಿ ಅದ್ದಿದ ಬಟ್ಟೆ ಚೂರು ಅವನ ಮುಂದೆ ಹಿಡಿದರು. ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು.

"ಬರ್ತಿದೆಯಲ್ಲ!"

"ಪಟ್ಟಿ ಬಿಗಿ ಮಾಡಿ."

ಮಾಡಿದ. ಕಿವಿ ನೋಯುವಷ್ಟು ಬಿಗಿದ. ಇನ್ನೂ ಬರುತ್ತಿತ್ತು. ಕೆನ್ನೆಯ ಹತ್ತಿರ ಎಲ್ಲಿಂದಲೋ ಗಾಳಿ ಸುಯ್ಯೆಂದು ನುಸುಳುತ್ತಿತ್ತು.

"ಈಗಲೂ ಬರ್ತಿದೆ!"

"ಮೊದಮೊದಲು ಹಾಗೇ. ಮೂಗಿಗೆ ಅಭ್ಯಾಸ ಆಗಬೇಕು."

ಸಿಡುಕಪ್ಪ ಮಾಸ್ಕ್ ಕಿತ್ತು ಮೇಜಿನ ಮೇಲೆ ಎಸೆದ. ಇಷ್ಟು ಹೊತ್ತು ಉಗುರಿನಷ್ಟು ಧೂಳಿಗೂ ಕೂಗಾಡಿದ ಮನುಷ್ಯ, ವಿಷದ ಗಾಳಿಗೆ ಅಭ್ಯಾಸ ಮಾಡಿಕೊಳ್ಳಿ ಅನ್ನುತ್ತಾನಲ್ಲ! ಇದೇನಿದು? ಆದರೆ ಏನು ತಪ್ಪಿದೆ ಎಂದು ಅವನಿಗೆ ಹೊಳೆಯಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು.

"ಇವತ್ತಿಗೆ ಸಾಕು," ಎಂದ.

"ಒಳ್ಳೇದು. ನನಗೂ ಇನ್ನೊಬ್ಬ ಹೊಸ ಶಿಷ್ಯ ಬರೋ ಹೊತ್ತಾಯ್ತು," ಎಂದರು ಮೇಷ್ಟ್ರು, ಮೇಜು ಒರೆಸುತ್ತಾ.

* * *

ಡ್ರೈವರರ ಮನೆಯ ಗೇಟಿನ ಹೊರಗೆ, ಮೆಟ್ಟಿಲಿನ ಮೇಲೆ, ಅಳಿಯ ಕೂತಿದ್ದ. ಹೆಂಡತಿ ತವರಿಗೆ ಬಂದು ಉಳಿದಿದ್ದಾಳೆ. ಅವನನ್ನು ಒಳಗೆ ಬಿಟ್ಟಿಲ್ಲ. ತೊಡೆಯ ಮೇಲೆ ರಟ್ಟಿನ ಪೆಟ್ಟಿಗೆ. ಅದರೊಳಗೆ ಅರ್ಧ ಜೋಡಿಸಿದ ಇಂಜಿನ್, ಹತ್ತಿಯ ಮೇಲೆ ಮಲಗಿಸಿದ್ದ. ಕೆನ್ನೆ ಗಲ್ಲ ಎಲ್ಲ ದಟ್ಟ ಗಡ್ಡ. ಅದು ಮೊದಲಿಂದಲೂ ಇದ್ದದ್ದೇ, ಈಗ ಕತ್ತರಿ ಕಾಣದೆ ಇನ್ನಷ್ಟು ಕೆದರಿತ್ತು.

"ಇದು ಯಾಕೆ ನಿಮ್ಮ ಹತ್ರ?" ಎಂದ ಸಿಡುಕಪ್ಪ.

"ಅತ್ತೆ ಕೊಟ್ರು. ಮನೇಲಿ ಇಟ್ಕೊಂಡ್ರೆ ಎದೆ ಉರಿಯುತ್ತಂತೆ." ಅಳಿಯ ಪೆಟ್ಟಿಗೆಯ ಅಂಚು ಸವರಿದ. "ಮಾವ ಅರ್ಧಕ್ಕೆ ಬಿಟ್ಟಿದ್ದನ್ನ ಮುಗಿಸಿ ಅವಳ ಕೈಗೆ ಕೊಡ್ತೀನಿ ಸಾರ್. ಆಗಲಾದ್ರೂ ಮುಖ ಎತ್ತಿ ನೋಡ್ತಾಳೇನೋ. ನನಗೆ ಕೆಲಸ ಗೊತ್ತಿಲ್ಲ. ಮೇಷ್ಟ್ರೇ ಫೋನ್ ಮಾಡಿ, ಬನ್ನಿ ನಾನು ಕಲಿಸ್ತೀನಿ ಅಂದ್ರು."

"ಕರಿ ಡಬ್ಬಿ ನಿಜವಾಗ್ಲೂ ತಂದಿದ್ರಾ?"

"ತಂದಿದ್ದೆ. ಬಿಳಿ, ಕರಿ ಎರಡೂ. ಎಷ್ಟು ಜನಕ್ಕೆ ಹೇಳಲಿ? ನನ್ನ ಹೆಂಡತೀನೇ ನಂಬಲ್ಲ. ಹಾರ್ಡ್‌ವೇರ್ ಅಂಗಡಿಯವನು ಕೊಟ್ಟ ರಸೀದಿ ತೋರಿಸಿದ್ರೆ, ತಂದಿದ್ದು ಸರಿ, ಕೊಟ್ಟಿದ್ದೀರಾ ಅಂತ ಕೇಳ್ತಾಳೆ."

ಸಿಡುಕಪ್ಪನಿಗೆ ಸಮಾಧಾನದ ಮಾತು ಆಡಿ ಗೊತ್ತಿಲ್ಲ. ಒರಟಾಗಿ ಹೇಳಿದ, "ಹೋಗಿ, ಕಲೀರಿ. ಬ್ಲೇಡು ಹೊರಗಡೆ ತಳ್ಳಿ. ಒಣಗಿದ್ದು ಉಜ್ಜಬೇಡಿ. ಊದಬೇಡಿ."

ಅಳಿಯ ಎದ್ದ. ಎಷ್ಟೋ ದಿನದ ಮೇಲೆ ಯಾರೋ ತನ್ನ ಜೊತೆ ಮನುಷ್ಯರ ಹಾಗೆ ಮಾತಾಡಿದರು ಅನ್ನುವ ಹಾಗೆ ಒಂದು ನಗೆ ನಕ್ಕು, ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಬೀದಿ ತಿರುಗಿದ.

ಒಳಗೆ ತಾಯಿ ಮಗಳು ಇಬ್ಬರೇ. ತಾಯಿ ಸಿಡುಕಪ್ಪನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅದಕ್ಕೆ ಪಕ್ಕದ ಓಣಿಗೂ ಒಂದು ಬಾಗಿಲಿತ್ತು. ಆ ದಿನ ಬೆಳಿಗ್ಗೆ ತಾಯಿ ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಡ್ರೈವರರು ಕುಸಿದು ಬಿದ್ದಾಗಿತ್ತು.

ಮೇಜು ಚೊಕ್ಕಟ. ನೀರಿನ ಬೋಗುಣಿ ಮಗುಚಿ ಇಟ್ಟಿತ್ತು. ಒದ್ದೆ ಬಟ್ಟೆ ಹಾಕಲು ಮುಚ್ಚಳದ ಡಬ್ಬ. ಕಿಟಕಿಯ ಪಕ್ಕ ಮೊಳೆಗೆ ಒಂದು ಪುಟ್ಟ ಕನ್ನಡಿ, ಅದರ ಕೆಳಗೆ ಶೇವಿಂಗ್ ಬ್ರಷ್, ರೇಜರ್.

"ಬಚ್ಚಲಲ್ಲಿ ಇರಬೇಕಾದ್ದು ಇಲ್ಲಿ ಯಾಕೆ?"

"ಅಯ್ಯೋ, ಅದನ್ನ ಕೇಳಬೇಡಿ!" ತಾಯಿ ಹಣೆ ಚಚ್ಚಿಕೊಂಡರು. "ಅವರ ಮೀಸೆ ನೋಡಿದ್ರಾ ನೀವು? ಕೆನ್ನೆವರೆಗೆ ಹುರಿ ಮಾಡ್ತಿದ್ರು. ಇಂಜಿನ್ನಿಗಿಂತ ಮೊದಲು ಮೀಸೆ ಸ್ಟೇಷನ್ನಿಗೆ ಬರುತ್ತೆ ಅಂತ ಎಲ್ಲರೂ ನಗ್ತಿದ್ರು. ಒಂದು ದಿನ ಬೆಲ್ ಆಯ್ತು, ಬಾಗಿಲು ತೆಗೆದೆ, ಯಾರೋ ಬೋಳು ಮುಖದವನು ನಿಂತಿದಾನೆ. ಏನೂ ಬೇಡ, ನಮ್ಮನೇಲಿ ಎಲ್ಲಾ ಇದೆ, ಮುಂದಿನ ಮನೆಗೆ ಹೋಗಪ್ಪ ಅಂತ ಬಾಗಿಲು ಹಾಕಿಬಿಟ್ಟೆ!"

ತಾಯಿಗೆ ನಗು ಬಂತು, ಅರ್ಧದಲ್ಲೇ ನಿಂತಿತು.

"ಯಾಕೆ ತೆಗೆದ್ರು?" ಎಂದ ಸಿಡುಕಪ್ಪ. ಅವನ ದನಿ ಬದಲಾಗಿತ್ತು.

"ಮಾಸ್ಕ್ ಕೂರಲ್ಲ ಅಂತ! ಕೂದಲಿದ್ರೆ ರಬ್ಬರು ಚರ್ಮಕ್ಕೆ ಅಂಟಲ್ಲ, ಸಂದಿಯಿಂದ ಗಾಳಿ ನುಗ್ಗುತ್ತಂತೆ. ಒಂದು ದಿನದ ಕುರುಚಲಿದ್ರೂ ಸಾಕಂತೆ ಕೆಡೋಕೆ. ಅದಕ್ಕೇ ಮೇಜಿನ ಮುಂದೆ ಕೂರೋ ಮೊದಲು ಇಲ್ಲೇ ಶೇವ್ ಮಾಡ್ಕೊಳ್ಳೋರು. ಕೆಲಸ ಇಲ್ಲದ ದಿನ ಮುಟ್ತಿರಲಿಲ್ಲ. ಸಿಗ್ನಲ್ ನೋಡದೆ ಗಾಡಿ ಬಿಟ್ಟವನಲ್ಲ ಕಣೇ ನಾನು, ಅನ್ನೋರು."

"ಇದನ್ನ ಅವರಿಗೆ ಹೇಳಿಕೊಟ್ಟಿದ್ದು ಯಾರು?"

"ಮತ್ಯಾರು? ಗಡ್ಡದ ಮೇಷ್ಟ್ರು. ನಾನು ಗಡ್ಡದವನು, ಬಣ್ಣದ ಕೆಲಸ ಎಲ್ಲ ಬಯಲಲ್ಲೇ ಮಾಡ್ತೀನಿ. ನೀವು ಕೋಣೇಲಿ ಮಾಡೋರು, ಶೇವ್ ಮಾಡದೆ ಕೂರಬೇಡಿ ಅಂತ ಮೊದಲ ದಿನವೇ ಹೇಳಿದ್ರಂತೆ."

ಸಿಡುಕಪ್ಪ ತನ್ನ ಗಲ್ಲ ಮುಟ್ಟಿಕೊಂಡ. ನಿನ್ನೆಯ ಕುರುಚಲು ಬೆರಳಿಗೆ ಚುಚ್ಚಿತು.

ಮೊದಲ ದಿನವೇ ಹೇಳುವ ಪಾಠ. ತನ್ನ ಮುಖ ಮೇಷ್ಟ್ರ ಕಣ್ಣೆದುರಿಗೇ ಇತ್ತು, ಕುರುಚಲು ಕಾಣುತ್ತಿತ್ತು, ಗಾಳಿ ನುಗ್ಗುತ್ತಿದೆ ಎಂದು ತಾನೇ ಕೂಗಿದ್ದ. ಆದರೂ ಆ ಮನುಷ್ಯ ಪಟ್ಟಿ ಬಿಗಿ ಮಾಡಿ ಎಂದ. ಮರೆತದ್ದಲ್ಲ. ಬೇಕೆಂದೇ ನುಂಗಿಕೊಂಡ.

ಸಿಡುಕಪ್ಪ ಚೀಲದಿಂದ ಫೋಟೋ ತೆಗೆದ. ಆಸ್ಪತ್ರೆಯಲ್ಲಿ ಮಾಸ್ಕ್ ತೆಗೆದ ಮೇಲೆ ಪೊಲೀಸರು ಹಿಡಿದದ್ದು. ಠಾಣೆಯ ಹಳೆಯ ಗೆಳೆಯನಿಂದ ಜಗಳವಾಡಿ ಇಸಿದುಕೊಂಡಿದ್ದ. ಎಷ್ಟೋ ಸಲ ನೋಡಿದ್ದ. ಕೆನ್ನೆಯ ಮೇಲೆ ರಬ್ಬರಿನ ಅಚ್ಚು, ಬಿಳಿ ತಲೆ, ಬೆಳ್ಳಗಿನ ಮುಖ. ಈಗ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಕಣ್ಣು ಕಿರಿದು ಮಾಡಿದ.

ಬಿಳಿ ಚರ್ಮದ ಮೇಲೆ ಬಿಳಿ ಕುರುಚಲು. ಹುಡುಕದಿದ್ದರೆ ಕಾಣುವುದಿಲ್ಲ. ಹುಡುಕಿದರೆ ಗಲ್ಲದ ತುಂಬ ಇತ್ತು.

"ಅಮ್ಮ, ಆವತ್ತು ಬೆಳಿಗ್ಗೆ ಅವರು ಕೆಲಸಕ್ಕೆ ಕೂರ್ತೀನಿ ಅಂದಿದ್ರಾ?"

"ಇಲ್ಲ. ಎರಡು ದಿನದಿಂದ ಮೇಜು ಮುಟ್ಟಿರಲಿಲ್ಲ. ಅಂಗಡಿಯಿಂದ ಸಿಟ್ಟಾಗಿ ಬಂದಿದ್ರು. ನನ್ನ ಕೈ ಕದ್ದಿದಾನೆ, ನನ್ನ ಕೈ ಕದ್ದಿದಾನೆ ಅಂತ ಒಂದೇ ಮಾತು. ಏನು ಅಂದ್ರೆ, ನಿನಗೆ ಅರ್ಥ ಆಗಲ್ಲ ಬಿಡು ಅಂದ್ರು. ನನಗೆ ಯಾವುದು ತಾನೇ ಅರ್ಥ ಆಗುತ್ತೆ ಅವರ ಪ್ರಕಾರ!"

ಸಿಡುಕಪ್ಪ ಜೇಬಿಗೆ ಕೈ ಹಾಕಿ ಆ ಪುಟ್ಟ ಸೀಟು ತೆಗೆದು ಮೇಜಿನ ಮೇಲಿಟ್ಟ.

ತಾಯಿ ತಕ್ಷಣ ಗುರುತು ಹಿಡಿದರು. "ಇದು ಇವರು ಮಾಡಿದ್ದು! ಡಬ್ಬೀಲಿ ಬಂದ ಇಂಜಿನ್ನಿಗೆ ಸೀಟೇ ಇರಲಿಲ್ಲ. ಓಡಿಸೋನು ನೇತಾಡಿಕೊಂಡು ಓಡಿಸ್ತಾನಾ ಅಂತ ಬೈಕೊಂಡು, ಅದೇನೋ ಮೆತ್ತನೆ ಉಂಡೆ ಕಲಸಿ ತಾವೇ ಮಾಡಿದ್ರು. ಮೇಷ್ಟ್ರಿಗೆ ತೋರಿಸ್ತೀನಿ ಅಂತ ತಗೊಂಡು ಹೋದ್ರು. ಆದ್ರೆ ಅದು ಹಸಿರು ಬಣ್ಣ, ಇದು ಬಿಳಿ…"

"ಇದು ಅದರಿಂದ ಅಚ್ಚು ತೆಗೆದು ಮಾಡಿದ ನಕಲು. ತಿರುಗಿಸಿ ನೋಡಿ."

ತಿರುಗಿಸಿದರು. ತಗ್ಗು ಕಂಡಿತು, ಗೆರೆ ಕಂಡಿತು, ಗೆರೆ ಸೀಳಿದ ಕಲೆ ಕಂಡಿತು.

"ಇಂಜಿನ್ ಬಾಗಿಲಿಗೆ ಸಿಕ್ಕಿದ ಹೆಬ್ಬೆಟ್ಟು," ಎಂದರು ಸಣ್ಣ ದನಿಯಲ್ಲಿ. "ನಾನೇ ಪಟ್ಟಿ ಕಟ್ತಿದ್ದೆ."

ತಮ್ಮ ಹೆಬ್ಬೆರಳನ್ನು ಆ ತಗ್ಗಿನೊಳಗೆ ಮೆಲ್ಲಗೆ ಇಟ್ಟರು. ಸರಿಯಾಗಿ ಕೂತಿತು. ತೆಗೆಯಲಿಲ್ಲ.

ಸಿಡುಕಪ್ಪ ಗೋಡೆ ನೋಡುತ್ತಾ ನಿಂತ. ಮೂಲ ರಚನೆ ಎಂದು ಹಿತ್ತಾಳೆಯಲ್ಲಿ ಕೊರೆಸಿದ ಇಂಜಿನ್ನಿನಲ್ಲಿ ಇನ್ನೊಬ್ಬನ ಹೆಬ್ಬೆಟ್ಟು. ಒಂದು ಸೀಟಿಗಾಗಿ ಯಾರಾದರೂ ಕೊಲ್ಲುತ್ತಾರಾ? ಸೀಟು ಒಂದೇ ಅಲ್ಲವೇನೋ. ಆ ಕಪಾಟಿನಲ್ಲಿ ಇನ್ನೂ ಯಾರ ಯಾರ ಕೈ ಇದೆಯೋ. ಒಂದು ಬಯಲಾದರೆ ಫಲಕವೂ ಹೋಗುತ್ತದೆ, ಅಂಗಡಿಯೂ ಹೋಗುತ್ತದೆ.

"ಸಾರ್." ಬಾಗಿಲಲ್ಲಿ ಮಗಳು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಹಾಗಾದ್ರೆ ಅಪ್ಪ ಆವತ್ತು ಕೆಲಸಕ್ಕೇ ಕೂತಿರಲಿಲ್ವಾ?"

"ಇಲ್ಲಮ್ಮ. ನಿಮ್ಮಪ್ಪನ ತಲೆ ಹಿಂದೆ ಪೆಟ್ಟಿತ್ತು. ಬಿದ್ದಾಗ ಆಯ್ತು ಅಂತ ಬರೆದಿದಾರೆ. ಮೇಜಿನ ಮೇಲೆ ಮುಂದಕ್ಕೆ ಬಿದ್ದವರಿಗೆ ತಲೆ ಹಿಂದೆ ಹೇಗೆ ಪೆಟ್ಟಾಗುತ್ತೆ? ಬಿದ್ದಿದ್ದಲ್ಲ, ಯಾರೋ ಹೊಡೆದು ಬೀಳಿಸಿದ್ದು. ಆಮೇಲೆ ಕೂರಿಸಿ, ಮಾಸ್ಕಿಂದ ಕರಿ ಡಬ್ಬಿ ಕಿತ್ತು ಜೇಬಿಗೆ ಹಾಕ್ಕೊಂಡು, ಬಿಳಿ ಬಿಲ್ಲೆ ಸಿಕ್ಕಿಸಿ, ಮುಖಕ್ಕೆ ಹಾಕಿ, ಥಿನ್ನರ್ ಚೆಲ್ಲಿದಾರೆ. ಶೇವ್ ಆಗಿಲ್ಲ ಅನ್ನೋದು ಅವನ ಕಣ್ಣಿಗೆ ಬೀಳಲಿಲ್ಲ. ಬಿಳಿ ಕೂದಲು ಮೋಸ ಮಾಡ್ತು."

"ಯಾರು?" ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನನ್ನ ಪ್ರಶ್ನೆ ಗೊತ್ತಲ್ಲ ಸಾರ್ ನಿಮಗೆ. ಸುತ್ತಿ ಬಳಸಿ ಹೇಳಬೇಡಿ."

"ನಾನು ಯಾವತ್ತು ಸುತ್ತಿ ಬಳಸಿದೀನಿ? ಕೇಳು. ಥಿನ್ನರ್ ಚೆಲ್ಲಿ, ಕಿಟಕಿ ಬಾಗಿಲು ಹಾಕಿ, ಎಲ್ಲ ಸರಿಯಾಗಿ ಜೋಡಿಸೋವರೆಗೆ ಅವನೂ ಇದೇ ಕೋಣೇಲಿ ಉಸಿರಾಡಬೇಕಿತ್ತು. ಅವನಿಗೂ ಮಾಸ್ಕ್ ಬೇಕಿತ್ತು. ಮಾಸ್ಕ್ ಕೂರೋ ಮುಖ ಬೇಕಿತ್ತು. ನಿನ್ನ ಗಂಡನಿಗೆ ಗಡ್ಡ ಯಾವಾಗಿಂದ?"

"ಮದುವೆಗೆ ಮುಂಚಿಂದ. ಗಡ್ಡ ಇಲ್ಲದಿದ್ರೆ ಸ್ಕೂಲ್ ಹುಡುಗನ ಥರ ಕಾಣ್ತೀನಿ ಅಂತಾರೆ."

"ಆವತ್ತು ಬೆಳಿಗ್ಗೆ?"

"ಇತ್ತು. ಆಸ್ಪತ್ರೇಲಿ ನನ್ನ ಪಕ್ಕದಲ್ಲೇ ಕೂತಿದ್ರು. ಗಡ್ಡದಲ್ಲಿ ಕಣ್ಣೀರು ಸಿಕ್ಕೊಂಡಿತ್ತು. ನನಗೆ ಅದನ್ನ ನೋಡೋಕೂ ಸಿಟ್ಟು ಬಂದಿತ್ತು ಸಾರ್…"

"ಆ ಗಡ್ಡ ಇಟ್ಕೊಂಡು ಈ ಕೋಣೇಲಿ ನಿಂತಿದ್ರೆ ನಿಮ್ಮಪ್ಪನ ಪಕ್ಕದಲ್ಲೇ ಅವನೂ ಬಿದ್ದಿರ್ತಿದ್ದ. ನಿನ್ನ ಗಂಡ ಅಲ್ಲ ಕಣಮ್ಮ. ಹೋಗು, ನಿನ್ನ ಮನೆಗೆ ಹೋಗು."

ಮಗಳು ಅಲ್ಲೇ ಹೊಸ್ತಿಲ ಮೇಲೆ ಕೂತಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ಹೆಗಲು ಮಾತ್ರ ಅಲುಗಿತು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿದಾಗ ಅವಳ ಹುಬ್ಬು ಗಂಟಿಕ್ಕಿತ್ತು.

"ಸಾರ್, ಆವತ್ತು ನಾನು ಅಂಗಡಿಗೆ ಓಡಿದ್ದೆ. ಅಪ್ಪನಿಗೆ ಇನ್ನೂ ಉಸಿರಿತ್ತು. ಆ ಡಬ್ಬದಲ್ಲಿ ಏನಿತ್ತು ಕೇಳ್ಕೊಂಡು ಬಾ ಅಂತ ಡಾಕ್ಟರ್ ಕಳಿಸಿದ್ರು. ಮೇಷ್ಟ್ರಿಗೆ ಸುದ್ದಿ ಹೇಳಿದ್ದೇ ನಾನು. ಅದಕ್ಕೆ ಮುಂಚೆ ಅವರನ್ನ ನೋಡಿದವಳಲ್ಲ. ಅಪ್ಪ ಹೇಳಿದ ಗುರುತು ಒಂದೇ ಗೊತ್ತಿತ್ತು. ಕೌಂಟರ್ ಹಿಂದೆ ನಿಂತವನನ್ನ ಕೆಲಸದವನು ಅಂದ್ಕೊಂಡು, ಗಡ್ಡದ ಮೇಷ್ಟ್ರು ಇದಾರಾ ಅಂತ ಕೇಳಿದೆ."

ಸಿಡುಕಪ್ಪ ಗಕ್ಕನೆ ಅವಳ ಕಡೆ ತಿರುಗಿದ.

"ಏನಂದ?"

"ನಾನೇ, ಹೇಳಿ, ಅಂದ್ರು."

ಸುದ್ದಿ ಕೇಳಿದ ಮೇಲೆ ತೆಗೆದೆ ಎಂದಿದ್ದ. ಸುದ್ದಿ ಬಾಗಿಲಿಗೆ ಬರುವ ಹೊತ್ತಿಗೇ ಗಡ್ಡ ಹೋಗಿತ್ತು.

"ನಮ್ಮನೆಯವರಿಗೆ ಫೋನ್ ಮಾಡ್ತೀನಿ," ಎಂದು ಮಗಳು ಎದ್ದಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ರಕ್ತ ಬಂದಿತ್ತು. "ಮೊದಲು ಅವರ ಹತ್ರ ಮಾತಾಡಬೇಕು. ಎಷ್ಟೊಂದು ಅಂದುಬಿಟ್ಟೆ." ಕಿವಿಗಿಟ್ಟುಕೊಂಡಳು. ಕಾದಳು. "ಎತ್ತುತಿಲ್ಲ. ಇಂಜಿನ್ ಕೆಲಸ ಶುರು ಮಾಡಿರಬೇಕು. ಮೇಷ್ಟ್ರು ಕಲಿಸ್ತಾರಂತೆ ಅಂತ ಅಮ್ಮನ ಹತ್ರ ಹೇಳ್ತಿದ್ರು…"

ಮಾತು ಅಲ್ಲಿಗೇ ನಿಂತಿತು. ತಾನೇನು ಹೇಳುತ್ತಿದ್ದೇನೆ ಎಂದು ಅವಳಿಗೂ ಕೇಳಿಸಿತು.

ರಟ್ಟು ಬಡಿದ ತೂತು. ಕಿಟಕಿ ಇಲ್ಲದ ಕೋಣೆ. ಕರಿ ಡಬ್ಬಿ ತಂದುಕೊಟ್ಟಿದ್ದೆ ಎಂದು ಹೇಳುವವನು ಆ ಅಳಿಯ ಒಬ್ಬನೇ. ಹೋಗಿ ಕಲೀರಿ ಎಂದು ಕಳಿಸಿದ್ದು ತಾನೇ. ಸಿಡುಕಪ್ಪ ಆಗಲೇ ಓಣಿಯ ಬಾಗಿಲಿನ ಚಿಲಕ ಎಳೆಯುತ್ತಿದ್ದ.

"ಅಳಿಯಂದ್ರ ಹತ್ರ ಮಾಸ್ಕ್ ಇರುತ್ತೆ ಸಾರ್!" ಹಿಂದಿನಿಂದ ತಾಯಿ ಕೂಗಿದರು. ಅವರ ಹೆಬ್ಬೆರಳು ಇನ್ನೂ ಆ ತಗ್ಗಿನಲ್ಲೇ ಇತ್ತು. "ಹೊಸದು, ಕರಿ ಡಬ್ಬಿದು! ಮೇಷ್ಟ್ರೇ ಕೊಡ್ತಾರಂತೆ!"

ಮಗಳು ತಾಯಿಯ ಕಡೆ ತಿರುಗಿದಳು. ಫೋನು ಅವಳ ಕೈಯಲ್ಲಿ ಇನ್ನೂ ರಿಂಗಾಗುತ್ತಲೇ ಇತ್ತು.

"ಗಡ್ಡ, ಅಮ್ಮ," ಎಂದಳು. "ಇವರಿಗೆ ಗಡ್ಡ ಇದೆ."